ಇಪ್ಪತ್ತೊಂದು ವಾಕ್ಯ, ಮತ್ತು ಅವುಗಳ ಖರ್ಚು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದ ಆ ಮಹಿಳೆ ಮೊದಲ ಭೇಟಿಗೆ ಒಂದು ನೋಟ್‌ಬುಕ್ ತಂದಿದ್ದರು. ಪುಟದ ತುಂಬ ಸಣ್ಣ ಅಕ್ಷರದ ಸಾಲುಗಳು. "ಹಲೋ, ಈಗ ಮಾತಾಡಬಹುದಾ? ಆಗಲ್ಲ ಅಂದ್ರೆ: ಪರವಾಗಿಲ್ಲ, ಯಾವಾಗ ಮಾಡಲಿ?" ಯಾರಿಗೆ ಫೋನ್ ಮಾಡಬೇಕಾದರೂ ಹೀಗೆ ಬರೆದಿಟ್ಟುಕೊಂಡೇ ಮಾಡುತ್ತಾರಂತೆ. ಎಲ್ಲಿ ನಗಬೇಕು ಅಂತ ಅಂಚಿನಲ್ಲಿ ಚುಕ್ಕೆ ಬೇರೆ. "ಇದು ಮನೆಯವರಿಗೂ ಗೊತ್ತಿಲ್ಲ ಮೇಡಂ" ಎಂದರು.

ವಯಸ್ಸು 39. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಒಳ್ಳೆಯ ಹೆಸರಿದೆ. ಎರಡು ತಿಂಗಳ ಹಿಂದಷ್ಟೇ ಮನೋವೈದ್ಯರು ಆಟಿಸಂ (ಜನರೊಡನೆ ಬೆರೆಯುವ, ಸದ್ದು-ಬೆಳಕನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆ ಇರುವುದು) ಮತ್ತು ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ) ಎರಡೂ ಇವೆ ಎಂದು ಹೇಳಿದ್ದರು. "ಈಗ ಸಮಾಧಾನ ಆಯ್ತಲ್ವಾ ಅಂತಾರೆ ಎಲ್ಲರೂ. ನನಗೆ ಬರೀ ಸಿಟ್ಟು ಬರ್ತಿದೆ."

ಸಿಟ್ಟು ಬರದೆ ಇರುತ್ತದೆಯೇ? ಶಾಲೆಯಿಂದ ಹಿಡಿದು ಕೇಳಿದ್ದು ಒಂದೇ ಮಾತು: ಬುದ್ಧಿ ಇದೆ, ಸೋಮಾರಿ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದಾಗ ಅವರ ಮುಂದಿದ್ದ 11 ಮಕ್ಕಳಲ್ಲಿ 8 ಗಂಡುಮಕ್ಕಳು. ಅಳತೆಗೋಲು ಅಲ್ಲಿಂದಲೇ ಗಂಡುಮಕ್ಕಳದ್ದಾಯಿತು. ಎಡಿಎಚ್‌ಡಿ ಎಂದರೂ ತರಗತಿಯಲ್ಲಿ ಕುಣಿದಾಡುವ ಹುಡುಗನೇ ಕಣ್ಣಮುಂದೆ ಬರುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ನೆ ಕೂತ ಹುಡುಗಿ ಯಾರಿಗೆ ಕಾಣಬೇಕು? ಇನ್ನೊಂದು ವಿಷಯ ಹೇಳಿದೆ. ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಡಿಎಸ್ಎಂ ಕೈಪಿಡಿಯಲ್ಲಿ ಈ ಎರಡನ್ನೂ ಒಬ್ಬರಿಗೇ ಒಟ್ಟಿಗೆ ಗುರುತಿಸಲು ಅವಕಾಶ ಸಿಕ್ಕಿದ್ದೇ 2013ರ ಐದನೇ ಆವೃತ್ತಿಯಲ್ಲಿ. ಅವರು ಮನಸ್ಸಲ್ಲೇ ಲೆಕ್ಕ ಹಾಕಿದರು. "ಅಷ್ಟೊತ್ತಿಗೆ ನನ್ನ ಕಾಲೇಜೇ ಮುಗಿದುಹೋಗಿತ್ತು."

ನಂತರ ತಪ್ಪು ಮಾಡಿದ್ದು ನಾನು. ದಿನಕ್ಕೆ ಮೂರರಂತೆ ನಿಮ್ಮ ಬಗ್ಗೆ ನಿಮಗೆ ಮೆಚ್ಚುಗೆಯಾದ ವಿಷಯ ಬರೆದು ತನ್ನಿ ಎಂದೆ. ಮುಂದಿನ ವಾರ 21 ವಾಕ್ಯ ಬಂತು, ಅಚ್ಚುಕಟ್ಟಾಗಿ. "ಮೀಟಿಂಗ್‌ನಲ್ಲಿ ನಗುತ್ತಾ ಇದ್ದೆ." "ಯಾರಿಗೂ ಅನುಮಾನ ಬರಲಿಲ್ಲ." ಎಲ್ಲವೂ ಹೀಗೇ. ಮೆಚ್ಚುಗೆಯೆಲ್ಲ, ತಮ್ಮ ಸ್ವಭಾವ ಮುಚ್ಚಿಡಲು ಹಾಕಿಕೊಂಡ ಮುಖವಾಡಕ್ಕೇ ಹೋಗಿತ್ತು! ಹೋಂವರ್ಕ್ ಕೊಟ್ಟರೆ ಇವರು ಪರೀಕ್ಷೆಯ ಹಾಗೆ ಬರೆದು ಪಾಸಾಗುತ್ತಾರೆ. ಅದು ನನಗೆ ಮೊದಲೇ ಹೊಳೆಯಬೇಕಿತ್ತು.

ಅದೇ ಪಟ್ಟಿಯನ್ನು ವಾಪಸ್ ಕೊಟ್ಟು ಹೇಳಿದೆ: ನೀವು ಲೆಕ್ಕದವರು, ಪ್ರತಿ ವಾಕ್ಯದ ಮುಂದೆ ಖರ್ಚು ಬರೆಯಿರಿ. ನಕ್ಕ ಮೀಟಿಂಗ್‌ನ ಮುಂದೆ ಹೀಗಿತ್ತು: "ಮನೆಗೆ ಬಂದು ದೀಪ ಆರಿಸಿ ಎರಡು ಗಂಟೆ ಮಲಗಿದೆ. ಮಗ ಕರೆದರೂ ಏಳಲಿಲ್ಲ." ಇದನ್ನು ಓದುವಾಗ ಅವರಿಗೆ ಅಳು ಬಂತು. ಅಳಲು ಬಿಟ್ಟೆ.

ಸಲಹೆ ಶುರುವಾಗಿದ್ದು ಆ ಪಟ್ಟಿಯಿಂದ. ಮುಖವಾಡ ಒಂದೇ ದಿನಕ್ಕೆ ಕಳಚುವುದು ಬೇಡ ಎಂದೆ. ಅದು ಸುಳ್ಳಾಗಿರಲಿಲ್ಲ, ಇಷ್ಟು ವರ್ಷ ಕಾಪಾಡಿದೆ. ಕೆಲಸದ ಜಾಗದಲ್ಲಿ ಎಲ್ಲರಿಗೂ ಹೇಳಿಬಿಟ್ಟರೆ ಪೆಟ್ಟು ಬೀಳಲೂಬಹುದು. ಖರ್ಚು ಜಾಸ್ತಿ ಇರುವ ಒಂದು ಕಡೆ, ನಂಬಿಕೆ ಇರುವ ಒಬ್ಬರ ಮುಂದೆ ಇಳಿಸಿ ನೋಡಿ. ಅವರು ತಂಗಿಯನ್ನು ಆರಿಸಿಕೊಂಡರು. "ಇನ್ಮೇಲೆ ಫೋನ್ ಬೇಡ, ಮೆಸೇಜ್ ಮಾಡ್ತೀನಿ." ತಂಗಿಯ ಉತ್ತರ: "ಅಕ್ಕಾ, ಇಷ್ಟೇನಾ?"

ಅಮ್ಮನಿಗೆ ಹಳೆಯ ಮಾರ್ಕ್ಸ್ ಕಾರ್ಡ್ ತೋರಿಸಿ ಜಗಳ ಮಾಡಬೇಕೆಂದಿದ್ದರು. ಸ್ವಲ್ಪ ತಡೆಯಿರಿ ಎಂದೆ. ಕ್ಷಮಿಸಿಬಿಡಿ ಎಂದು ಮಾತ್ರ ಹೇಳಲಿಲ್ಲ, ಅದಕ್ಕೆ ಅವಸರವಿಲ್ಲ.

ಸುಸ್ತಿನ ಬಗ್ಗೆಯೂ ಎಚ್ಚರ ಬೇಕು. ವರ್ಷಗಟ್ಟಲೆ ಹೊಂದಿಕೊಂಡು ಬಂದ ಬಳಲಿಕೆ ಖಿನ್ನತೆಯ ಹಾಗೇ ಕಾಣುತ್ತದೆ. ಆದರೆ ಖಿನ್ನತೆ ಇದ್ದವರಿಗೆ ಹೇಳುವ "ಹೊರಗೆ ಹೋಗಿ, ಜನರ ಜೊತೆ ಬೆರೆಯಿರಿ" ಎಂಬ ಸಲಹೆ ಇಲ್ಲಿ ತಿರುಗುಬಾಣವಾಗಬಹುದು. ಮೊದಲು ಹೊರೆ ಇಳಿಯಬೇಕು. ಬಳಲಿಕೆ, ಖಿನ್ನತೆ ಎರಡೂ ಒಟ್ಟಿಗೆ ಇರಬಹುದಾದ್ದರಿಂದ ವೈದ್ಯರ ಭೇಟಿ ಬಿಡಬೇಡಿ, ಎಡಿಎಚ್‌ಡಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯದೆ ಅವತ್ತೇ ತಿಳಿಸಿ ಎಂದೆ.

ಎಂಟನೇ ಭೇಟಿಯಲ್ಲಿ ಕುರ್ಚಿಯಲ್ಲಿ ಕೂರುವ ಮುಂಚೆಯೇ ಕೇಳಿದರು: "ಮೇಡಂ, ಆ ಫ್ಯಾನ್ ಆಫ್ ಮಾಡ್ಬಹುದಾ? ಟಕ್ ಟಕ್ ಅನ್ನುತ್ತೆ." ನನಗೆ ಅದು ಕೇಳಿಸಿಯೇ ಇರಲಿಲ್ಲ. ಅವರಿಗೆ ಏಳು ಭೇಟಿಯಲ್ಲೂ ಕೇಳಿಸುತ್ತಿತ್ತಂತೆ. ಎದ್ದು ಹೋಗಿ ಆರಿಸಿದೆ.