ವೇಗ ಮೊದಲೋ, ಪೋರ್ಟ್ ಮೊದಲೋ?

ಪ್ರಶ್ನೆ: ಕಾಲೇಜಿಗೆ ಹೋಗುವ ಮಗಳಿಗೆ 55,000 ರೂಪಾಯಿಯೊಳಗೆ ಲ್ಯಾಪ್‌ಟಾಪ್ ನೋಡುತ್ತಿದ್ದೇವೆ. ಒಂದರಲ್ಲಿ ಪ್ರೊಸೆಸರ್ ವೇಗದ್ದು, ಆದರೆ ವೈಫೈ ಹಳೆಯ ಪೀಳಿಗೆಯ ವೈಫೈ 5, ಲ್ಯಾನ್ ಪೋರ್ಟ್ (ಇಂಟರ್ನೆಟ್ ಕೇಬಲ್ ಚುಚ್ಚುವ ಕಿಂಡಿ) ಇಲ್ಲ. ಇನ್ನೊಂದರಲ್ಲಿ ವೈಫೈ 6, ಲ್ಯಾನ್ ಎಲ್ಲ ಇದೆ, ಪ್ರೊಸೆಸರ್ ಸಾಧಾರಣ. ಯಾವುದು ಆಗಬಹುದು?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ವೇಗದ್ದನ್ನೇ ತೆಗೆದುಕೊಳ್ಳಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಬದಲಿಸಲು ಬರುವುದಿಲ್ಲ. ಲ್ಯಾನ್ ಪೋರ್ಟನ್ನಾದರೆ ಒಂದು ಯುಎಸ್‌ಬಿ ಅಡಾಪ್ಟರಿನಿಂದ ಸೇರಿಸಿಕೊಳ್ಳಬಹುದು. ಅಡಾಪ್ಟರೂ ಪೋರ್ಟೂ ಯುಎಸ್‌ಬಿ 3 ಆಗಿರಲಿ, 2.0 ಆದರೆ ವೇಗ 480 ಎಂಬಿಪಿಎಸ್ ದಾಟದು. ವೈಫೈ ಕಾರ್ಡ್ ಕೂಡ ಎಷ್ಟೋ ಮಾದರಿಗಳಲ್ಲಿ ಎಂ.2 ಎಂಬ, ಕಾರ್ಡ್ ಬಿಚ್ಚಿ ಹಾಕಬಹುದಾದ ಸ್ಲಾಟಿನಲ್ಲಿರುತ್ತದೆ, ಬದಲಿಸಬಹುದು. ಕೆಲವದರಲ್ಲಿ ಬೆಸೆದಿರುತ್ತಾರೆ, ಅಂಗಡಿಯಲ್ಲಿ ಕೇಳಿ.

ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆ ವೈಫೈ 6ನ್ನೂ ತಡೆಯುತ್ತದೆ. ವೈಫೈಯ 5 ಗಿಗಾಹರ್ಟ್ಸ್ ಅಲೆ (ಇದು ‘ವೈಫೈ 5’ ಅಲ್ಲ) ಒಂದೆರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ; ದೂರದ ಕೋಣೆಗೆ 2.4 ಗಿಗಾಹರ್ಟ್ಸೇ ವಾಸಿ. ಮೊದಲು ರೂಟರನ್ನು ಮನೆಯ ನಡುಭಾಗಕ್ಕೆ, ಎತ್ತರಕ್ಕೆ ತಂದಿಡಿ.

ಆಮೇಲೆ ಸೇರಿಸಲಾಗದ್ದು ಟೈಪ್-ಸಿ ಪೋರ್ಟಿನ ಗುಣ. ಅದರಲ್ಲಿ ಚಾರ್ಜಿಂಗ್, ಡಿಸ್‌ಪ್ಲೇ ಆಗುತ್ತದೆಯೇ, ಬರೀ ಡೇಟಾವೇ ಎಂದು ವಿವರಪಟ್ಟಿಯಲ್ಲಿ ನೋಡಿ. ರ‍್ಯಾಮ್ 8 ಜಿಬಿ ಮಾತ್ರವಿದ್ದು, ಹೆಚ್ಚಿಸಲು ಸ್ಲಾಟೇ ಇಲ್ಲದಿದ್ದರೆ, ಪ್ರೊಸೆಸರ್ ಎಷ್ಟೇ ವೇಗದ್ದಿರಲಿ, ಆ ಮಾದರಿಯನ್ನು ಬಿಡಿ.