ಚಕ್ರದಲ್ಲಿ ನಟ್ಟೇ ಇಲ್ಲ, ಬಿಚ್ಚುವುದು ಹೇಗೆ?

ಪ್ರಶ್ನೆ: ನಮ್ಮ ಹೋಮ್‌ಸ್ಟೇಯಲ್ಲಿ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವಿದೆ. ಹಿಂದಿನ ಟೈರ್ ಪಂಚರ್. ಕಾರಿನಂತೆ ನಟ್ಟುಗಳು ಕಾಣುತ್ತಿಲ್ಲ. ಏನು ಮಾಡುವುದು?
– ಓದುಗರು, ತೀರ್ಥಹಳ್ಳಿ

ಉತ್ತರ: ಎಷ್ಟೋ ಮಾದರಿಗಳಲ್ಲಿ ನಟ್ಟು ಇರುವುದೇ ಇಲ್ಲ. ಚಕ್ರದ ನಡುವಿನ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿ. ಒಳಗೆ ಆ್ಯಕ್ಸಲ್ ತುದಿಗೆ ಕಚ್ಚಿಕೊಂಡ ಕ್ಲಿಪ್, ಅದರ ಹಿಂದೆ ವಾಷರ್ ಸಿಗುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟುವಾಗ ಕ್ಲಿಪ್ ಚಿಮ್ಮುತ್ತದೆ, ಮೇಲೊಂದು ಬಟ್ಟೆ ಹಿಡಿಯಿರಿ.

ಅದಕ್ಕೂ ಮೊದಲು ಕೀ ತೆಗೆದು, ಸ್ಪಾರ್ಕ್ ಪ್ಲಗ್ ವೈರ್ ಕಳಚಿ. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ: ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ, ಒಂದನ್ನು ಎತ್ತಿದರೆ ಡಿಫರೆನ್ಶಿಯಲ್‌ನಿಂದಾಗಿ (ಎರಡು ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಗೇರು ಜೋಡಣೆ) ಇನ್ನೊಂದು ಉರುಳಬಹುದು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ. ಮಳೆಗಾಲದ ನಮ್ಮ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಹಾಕಿ. ಎತ್ತುವುದು ಗಟ್ಟಿ ಫ್ರೇಮ್ ಅಥವಾ ಆ್ಯಕ್ಸಲ್ ಹೌಸಿಂಗ್‌ನಿಂದ. ಬ್ಲೇಡಿನ ತಗಡು ಡೆಕ್ಕಿಗೆ ಜಾಕ್ ಕೊಡಲೇಬಾರದು. ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ. ಜಂಬಿಟ್ಟಿಗೆ ಬೇಡ, ಭಾರಕ್ಕೆ ಒಡೆಯುತ್ತದೆ.

ಚಕ್ರ ಎಳೆಯುವಾಗ ಆ್ಯಕ್ಸಲ್‌ನ ಉದ್ದ ಸೀಳಿನಲ್ಲಿರುವ, ಚಕ್ರವನ್ನು ಆ್ಯಕ್ಸಲ್‌ಗೆ ಕಚ್ಚಿಸುವ ಬೆರಳುದ್ದದ ಚೌಕ ಕಬ್ಬಿಣದ ತುಂಡು ಬೀಳುತ್ತದೆ. ಅದು ಹುಲ್ಲಲ್ಲಿ ಕಳೆದರೆ ಕೆಲಸ ಕೆಟ್ಟಂತೆ: ಆ್ಯಕ್ಸಲ್ ತಿರುಗಿದರೂ ಚಕ್ರ ತಿರುಗುವುದಿಲ್ಲ. ತುಕ್ಕು ಹಿಡಿದು ಚಕ್ರ ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಬಿಡಿ. ವಾಪಸ್ ಹಾಕುವಾಗ ಆ್ಯಕ್ಸಲ್‌ಗೆ ಗ್ರೀಸ್ ಸವರಿ.

ಗಾಳಿ ಕಡಿಮೆಯೇ ಸಾಕು; ಹಿಂದಿನ ಟೈರಿಗೆ ಸಾಮಾನ್ಯವಾಗಿ 10ರಿಂದ 14 ಪಿಎಸ್‌ಐ. ಟೈರಿನ ಮೇಲೆ ಅಚ್ಚಾದ ಮಿತಿ ದಾಟಿಸಬೇಡಿ. ಪಂಚರ್ ಅಂಗಡಿಯವರಿಗೂ ಮೊದಲೇ ಹೇಳಿ, ಕಾರಿನ ಲೆಕ್ಕದಲ್ಲಿ 30 ತುಂಬಿಸಿಬಿಡುತ್ತಾರೆ.