ಪಾಳೇಗಾರ ಮನೆತನದ ಹಳೇ ಕಾಗದಪತ್ರ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ನಿಮ್ಮದು ತುಮಕೂರು ಸೀಮೆಯ ಹಳೇ ಪಾಳೇಗಾರ ಮನೆತನ, ಬಸವನಗುಡಿಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದೀರಿ, ಅಟ್ಟದ ಟ್ರಂಕುಗಳಲ್ಲಿ ಕಡತ, ಓಲೆಗರಿ, ಸನ್ನದು (ಅರಸರು, ಸರ್ಕಾರದವರು ಹಕ್ಕು ಕೊಟ್ಟ ಪತ್ರ), ಮೋಡಿ ಅಕ್ಷರದ (ಮರಾಠಿಯ ಹಳೇ ಓಟದ ಬರಹ) ಪತ್ರ ಎಲ್ಲಾ ಇದೆ. ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಹಾಕಬೇಕು ಅಂತ ನಿಮಗೆ ಆಸೆ, ದೊಡ್ಡಪ್ಪ ಒಪ್ಪುತ್ತಿಲ್ಲ.

ಹಾಕಿ. ಖಂಡಿತ ಹಾಕಿ. ನಮ್ಮ ತಾಯಿಯ ತವರು ಜೋಡಿದಾರರ ಮನೆ, ಅಂದರೆ ಕಡಿಮೆ ಕಂದಾಯಕ್ಕೆ ಊರನ್ನು ಇನಾಮಾಗಿ ಪಡೆದಿದ್ದವರು. ಅಲ್ಲಿನ ಕಾಗದಗಳನ್ನು ನಾವು ಸೋದರಮಾವನ ಮಕ್ಕಳೆಲ್ಲಾ ಸೇರಿ ಹೀಗೇ ಮಾಡಿದ್ದೇವೆ, ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಒಂದು ತುರ್ತಿನ ಮಾತು. ಧೂಳು ಕಂಡ ತಕ್ಷಣ ಒದ್ದೆ ಬಟ್ಟೆ ತಗೋಬೇಡಿ. ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ ಮಡಿಸಿದ್ದು. ಅದರ ಮೇಲೆ ಬರೆದಿರುವುದು ಬಳಪದಲ್ಲಿ. ಸ್ಲೇಟಿನ ಮೇಲೆ ಬರೆದ ಹಾಗೇ, ಒರೆಸಿದರೆ ಹೋಯಿತು, ಅಂಗೈ ತಾಗಿದರೂ ಮಸುಕಾಗುತ್ತದೆ. ಮೆತ್ತನೆಯ ಒಣ ಬ್ರಷ್‌ನಲ್ಲಿ ಅಂಚಿನ ಧೂಳು ಮಾತ್ರ ತೆಗೆಯಿರಿ. ಹರಿದ ಕಾಗದಕ್ಕೆ ಸೆಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಓಲೆಗರಿ ಬಗ್ಗಿಸಬೇಡಿ, ಒಣಗಿದ್ದರೆ ಪಟ್ ಅಂತ ಮುರಿಯುತ್ತದೆ.

ಸ್ಕ್ಯಾನಿಂಗ್ ಆಮೇಲೆ. ಅದಕ್ಕಿಂತ ಮುಂಚೆ ಪಟ್ಟಿ ಮಾಡಿ. ಯಾವ ಟ್ರಂಕು, ಯಾವ ಕಟ್ಟು, ಯಾವುದರ ಜೊತೆ ಯಾವುದಿತ್ತು. ಕಟ್ಟು ಬಿಚ್ಚುವ ಮುಂಚೆ ಇದ್ದ ಹಾಗೇ ಒಂದು ಫೋಟೋ ತೆಗೆಯಿರಿ, ಯಾಕೆಂದರೆ ಕಟ್ಟಿದವರು ಸುಮ್ನೆ ಕಟ್ಟಿರುವುದಿಲ್ಲ. ಹಳೇ ಪತ್ರಗಳಲ್ಲಿ ಎಷ್ಟೋ ಸಲ ಸಂವತ್ಸರದ ಹೆಸರು ಬಿಟ್ಟರೆ ಬೇರೆ ತಾರೀಖೇ ಇರಲ್ಲ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಬರೀ ಶಾರ್ವರಿ ಅಂತ ಇದ್ದರೆ ಅದು 1840ರದ್ದೂ ಆಗಬಹುದು, 1900ರದ್ದೂ ಆಗಬಹುದು. ಯಾವುದು ಅಂತ ಗೊತ್ತಾಗುವುದು ಅದೇ ಕಟ್ಟಿನಲ್ಲಿದ್ದ ಬೇರೆ ಪತ್ರಗಳಿಂದ, ಅದರಲ್ಲಿರುವ ಹೆಸರುಗಳಿಂದ. ಕಟ್ಟು ಕಲಸಿಬಿಟ್ಟರೆ ಆ ಸುಳಿವು ಹೋಗಿಬಿಡುತ್ತದೆ, ಎಷ್ಟು ಒಳ್ಳೆಯ ಸ್ಕ್ಯಾನರ್ ತಂದರೂ ವಾಪಸ್ ಬರಲ್ಲ.

ತಾಂತ್ರಿಕ ವಿಷಯ ಅಷ್ಟೇನೂ ದೊಡ್ಡದಲ್ಲ. ಮೇಲಿನಿಂದ ಫೋಟೋ ತೆಗೆಯುವ ಸ್ಟ್ಯಾಂಡು, ಒಳ್ಳೆ ಕ್ಯಾಮೆರಾ, ಎರಡೂ ಪಕ್ಕದಿಂದ ಸಮ ಬೆಳಕು, ಪಕ್ಕದಲ್ಲೊಂದು ಅಳತೆಪಟ್ಟಿ ಮತ್ತು ಬಣ್ಣದ ಕಾರ್ಡು. ಕಾಪಾಡಿ ಇಡುವ ಕಾಪಿ ಟಿಫ್ ಫೈಲಿನಲ್ಲಿರಲಿ, ಜನಕ್ಕೆ ತೋರಿಸುವ ಕಾಪಿ ಜೆಪೆಗ್ ಫೈಲಿನಲ್ಲಿ. ಹಿಂಬದಿಯನ್ನೂ ಖಾಲಿ ಪುಟವನ್ನೂ ಬಿಡಬೇಡಿ. ಮೂರು ಪ್ರತಿ ಮಾಡಿ, ಒಂದು ಬೆಂಗಳೂರಿನ ಆಚೆ ಇರಲಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಏನನ್ನು ತೆರೆದಿಡಬೇಕು? ಎಲ್ಲರೂ ಮೊದಲು ಹಾಕುವುದು ಸನ್ನದು, ವಂಶಾವಳಿ, ಬಿರುದು, ಮೊಹರು. ಲೆಕ್ಕದ ಕಡತಗಳನ್ನು 'ಇದನ್ನ ಯಾರು ನೋಡ್ತಾರೆ' ಅಂತ ಪಕ್ಕಕ್ಕಿಡುತ್ತಾರೆ. ನೀವು ದಯವಿಟ್ಟು ಹಾಗೆ ಮಾಡಬೇಡಿ. ನಮ್ಮಲ್ಲಿ ಒಂದು ಸುಗ್ಗಿಯ ಆಯಗಾರರ, ಅಂದರೆ ಊರಿನ ಕೆಲಸ ಮಾಡಿ ಕಾಳಿನಲ್ಲಿ ಪಾಲು ಪಡೆಯುತ್ತಿದ್ದವರ, ಲೆಕ್ಕ ಇದೆ. ತೋಟಿ, ತಳವಾರ, ಕಮ್ಮಾರ, ಅಗಸ, ಕೆರೆ ನೀರು ಬಿಡುವ ನೀರಗಂಟಿ, ಒಬ್ಬೊಬ್ಬರ ಹೆಸರಿನ ಮುಂದೆ ಇಷ್ಟು ಕೊಳಗ (ಕಾಳು ಅಳೆಯುವ ಹಳೇ ಅಳತೆ) ರಾಗಿ ಅಂತ ಬರೆದಿದೆ. ನೀರಗಂಟಿಯ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ, ಕೆರೆ ಏರಿ ಒಡೆದದ್ದರಿಂದ ಅರ್ಧ ಅಂತ. ಆ ಕೆರೆ ಒಡೆದ ಸುದ್ದಿ ನಮ್ಮ ಮನೆಯ ಬೇರೆ ಯಾವ ಪತ್ರದಲ್ಲೂ ಇಲ್ಲ. ಆ ನೀರಗಂಟಿಯ ಮನೆಯವರು ಇವತ್ತೂ ಊರಲ್ಲಿದ್ದಾರೆ, ಅವರಿಗೆ ತಮ್ಮ ಹಿರಿಯರ ಹೆಸರು ಬರಹದಲ್ಲಿ ಸಿಕ್ಕಿದ್ದು ಈ ಒಂದು ಸಾಲಿನಲ್ಲಿ. ಟ್ರಂಕು ನಿಮ್ಮ ಅಟ್ಟದಲ್ಲಿದ್ದರೂ ಒಳಗಿರುವುದು ಇಡೀ ಊರಿನ ಕಾಗದ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಕಾರಣ ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಮಾಡಿದನಲ್ಲ, ಆಗ ಅವನ ಕಡೆಯವರು ಊರೂರಿನಲ್ಲಿ ಕೈಫಿಯತ್ತು, ಅಂದರೆ ಊರಿನ, ಮನೆತನಗಳ ಚರಿತ್ರೆಯ ಹೇಳಿಕೆ, ಬರೆಸಿಕೊಂಡರು. ಪಾಳೇಗಾರರ ಚರಿತ್ರೆ ಬರೆಯುವವರಿಗೆ ಇವತ್ತಿಗೂ ಅವು ದೊಡ್ಡ ಆಧಾರ. ಆದರೆ ಕೈಫಿಯತ್ತು ಅಂದರೆ ಹೊಸ ಸರ್ಕಾರದವರ ಮುಂದೆ ಹೇಳಿಕೊಂಡ ಕಥೆ. ಹಕ್ಕು ಉಳಿಸಿಕೊಳ್ಳಬೇಕು ಅನ್ನುವ ಆಸೆಯೂ ಅದರಲ್ಲಿ ಸೇರಿರುತ್ತದೆ. ದಿನದ ಲೆಕ್ಕವನ್ನು ಯಾರನ್ನೂ ಮೆಚ್ಚಿಸಲು ಬರೆದಿರುವುದಿಲ್ಲ. ಜೀತದ ಪತ್ರ, ಸಾಲದ ಪತ್ರ, ದಂಡ ಹಾಕಿದ ಲೆಕ್ಕ ಇವೂ ಸಿಗಬಹುದು. ಮನೆತನದ ಮರ್ಯಾದೆ ಅಂತ ಅವನ್ನು ತೆಗೆದಿಟ್ಟರೆ ಉಳಿದದ್ದು ಇನ್ನೊಂದು ಕೈಫಿಯತ್ತು ಆಗುತ್ತದೆ ಅಷ್ಟೇ.

ದೊಡ್ಡಪ್ಪನವರ ಭಯ ಜಮೀನಿನದ್ದೇ ಇರಬೇಕು, ನಮ್ಮಲ್ಲೂ ಅದೇ ಇತ್ತು. ಹಳೇ ಸನ್ನದು ನೋಡಿ ಯಾರಾದರೂ ಕೇಸು ಹಾಕುತ್ತಾರೆ ಅಂತ. ಜೋಡಿ, ಇನಾಂ ಹಕ್ಕುಗಳಿಗೆ 1954ರ ಇನಾಂ ರದ್ದತಿ ಕಾಯ್ದೆ ಬಂತು, ಆಮೇಲೆ ಭೂಸುಧಾರಣೆಯಲ್ಲಿ 1974ರಿಂದ ಗೇಣಿದಾರರಿಗೆ ಭೂಮಿ ಹೋಯಿತು. ಇನ್ನೂರು ವರ್ಷದ ಸನ್ನದು ತೋರಿಸಿ ಇವತ್ತು ಜಮೀನು ಕೇಳುವುದು ಸುಲಭ ಅಲ್ಲ. ಆದರೂ ಕೋರ್ಟಿನಲ್ಲಿ ಏನಾದರೂ ನಡೆಯುತ್ತಿದ್ದರೆ ಅದಕ್ಕೆ ಸಂಬಂಧಪಟ್ಟದ್ದನ್ನು ನಿಮ್ಮ ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ. ಈಚಿನ ವಿಭಾಗಪತ್ರ, ಜಾತಕ, ಬದುಕಿರುವವರ ಖಾಸಗಿ ಪತ್ರ ಇವನ್ನು ಈಗ ಹಾಕಬೇಡಿ. ಪಟ್ಟಿಯಲ್ಲಿ ಹೆಸರು ಇರಲಿ, ಇಂಥ ವರ್ಷದವರೆಗೆ ಮುಚ್ಚಿದೆ ಅಂತ ಬರೆಯಿರಿ. ಪತ್ರದ ಕಾಪಿರೈಟ್ ಬರೆದವರದ್ದು, ಅವರು ತೀರಿಕೊಂಡ ಮೇಲೂ ಬಹಳ ವರ್ಷ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಪಾಲುದಾರರೆಲ್ಲರ ಸಹಿ ಇರುವ ಒಂದು ಪುಟದ ಒಪ್ಪಿಗೆ ಪತ್ರ ಮಾಡಿಸಿದರೆ ಮುಂದೆ ತಕರಾರು ಕಮ್ಮಿ.

ಎಲ್ಲಿ ಹಾಕುವುದು? ಬ್ರಿಟಿಷ್ ಲೈಬ್ರರಿಯವರದ್ದು ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ ಅಂತ 2004ರಿಂದ ಇದೆ. ಇಂಥ ಕೆಲಸಕ್ಕೆ ದುಡ್ಡು ಕೊಡುತ್ತಾರೆ, ಮೂಲ ಪತ್ರಗಳು ಆಯಾ ದೇಶದಲ್ಲೇ ಉಳಿಯಬೇಕು ಅನ್ನುವುದು ಅವರದೇ ನಿಯಮ. ಆದರೆ ಅರ್ಜಿ ಹಾಕಿ ಕಾಯಬೇಕು. ಬೇಗ ಆಗಬೇಕು ಅಂದರೆ ಇಂಟರ್ನೆಟ್ ಆರ್ಕೈವ್ (archive.org ಜಾಲತಾಣ) ಸಾಕು. ಮೂಲ ಪತ್ರ ಮನೆಯಲ್ಲಿಡಲು ಜಾಗ ಇಲ್ಲದಿದ್ದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದವರನ್ನು ಕೇಳಿ. ಓಲೆಗರಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ತಂದುಕೊಟ್ಟ ಓಲೆಗರಿಯಿಂದಲೇ ಅಲ್ಲಿನ ವಿದ್ವಾಂಸ ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಮಾಡಿಸಿದ್ದು. ಯಾರಿಗೇ ಕೊಟ್ಟರೂ ಪಟ್ಟಿ ಸಮೇತ ರಸೀದಿ ತಗೊಳ್ಳಿ. ಹಳೇ ಛಾಪಾ ಕಾಗದ, ಮೊಹರು ಹುಡುಕಿಕೊಂಡು ವ್ಯಾಪಾರಿಗಳು ಬಂದರೆ ಒಂದು ಹಾಳೆಯನ್ನೂ ಕೊಡಬೇಡಿ.

ಮೋಡಿ ಓದುವವರು ಈಗ ಕಮ್ಮಿ, ಅದಕ್ಕೋಸ್ಕರ ಸ್ಕ್ಯಾನಿಂಗ್ ನಿಲ್ಲಿಸಬೇಡಿ, ಓದುವುದು ನಿಧಾನವಾಗಿ ಆಗಲಿ. ಆದರೆ ಕನ್ನಡದ ಪತ್ರಗಳಲ್ಲಿ ಬರುವ ಊರು, ಹೊಲ, ಕೆರೆ, ನೆಂಟರ ಹೆಸರು ಗುರುತಿಸುವವರು ನಿಮ್ಮ ದೊಡ್ಡಪ್ಪನೇ. ವಾದ ಮಾಡುವುದು ಬಿಟ್ಟು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕಟ್ಟು ತೋರಿಸಿ. ಅವರು ಹೇಳುವುದನ್ನೆಲ್ಲಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಪ್ರತಿ ಸಲ ಶುರು ಮಾಡುವಾಗ ಟ್ರಂಕಿನ ನಂಬರ್, ಕಟ್ಟಿನ ನಂಬರ್ ಗಟ್ಟಿಯಾಗಿ ಹೇಳಿ. ಇಲ್ಲದಿದ್ದರೆ ಯಾವ ಪತ್ರದ ಬಗ್ಗೆ ಹೇಳಿದ್ದು ಅಂತ ಆಮೇಲೆ ಗೊತ್ತಾಗಲ್ಲ.